ಅಂಟುವಾಳದಲ್ಲಿ ಬಟ್ಟೆ ಒಗೆದರೆ ಬಚ್ಚಲ ನೀರು ಹಳ್ಳಕ್ಕೆ ಬಿಡಬಹುದಾ?

ಹಿತ್ತಲ ಬಾಗಿಲು (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಹೋದ ವರ್ಷ ಊರಿಗೆ ವಾಪಸ್ ಬಂದೆವು. ಅಲ್ಲಿ ನಮ್ಮ ಮನೆ ಇದ್ದದ್ದು ಬೆಳ್ಳಂದೂರು ಕೆರೆಯ ಹತ್ತಿರ. 2015ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಜೋರು ಗಾಳಿ ಬಂದರೆ ನೊರೆ ಹಾರಿ ರಸ್ತೆಗೆ ಬೀಳುತ್ತಿತ್ತು. ಆಗೆಲ್ಲ ಅದು ಯಾರೋ ಮಾಡಿದ ಗಲೀಜು ಅನ್ನಿಸುತ್ತಿತ್ತು.

ಇಲ್ಲಿ ನಮ್ಮ ಬಚ್ಚಲ ನೀರು ಕೆಸುವಿನ ಪಾತಿ ದಾಟಿ, ಬಾಳೆ ಬುಡ ದಾಟಿ ಹಳ್ಳಕ್ಕೆ ಸೇರುತ್ತದೆ. ಹೋದ ವಾರ ಬಟ್ಟೆ ಒಗೆದ ಮೇಲೆ ಆ ಕಡೆ ಹೋಗಿದ್ದೆ. ಎರಡು ಕಲ್ಲಿನ ಸಂದಿಯಲ್ಲಿ ಬೊಗಸೆಯಷ್ಟು ಬಿಳಿ ನೊರೆ ನಿಂತಿತ್ತು. ನೀರು ಹರಿಯುತ್ತಿದ್ದರೂ ಅದು ಮಾತ್ರ ಅಲ್ಲೇ ಸುತ್ತುತ್ತಿತ್ತು. ಅದು ನಮ್ಮ ಮನೆಯದೇ ನೊರೆ. ನೋಡಿ ಹೊಟ್ಟೆ ಕಿವುಚಿದಂತಾಯಿತು.

ಇನ್ನೊಂದು ಕಾರಣ ಮಗಳು. ಒಂದೂವರೆ ವರ್ಷ. ಕತ್ತಿನ ಹಿಂದೆ, ಮೊಣಕಾಲಿನ ಸಂದಿಯಲ್ಲಿ ಕೆಂಪು ದದ್ದು ಎದ್ದಿದೆ. ಡಾಕ್ಟರು ಮುಲಾಮು ಕೊಟ್ಟರು, ಜೊತೆಗೆ ಪರಿಮಳದ ಪೌಡರ್ ಬಿಟ್ಟು ನೋಡಿ ಎಂದರು.

ನಮ್ಮತ್ತೆ 'ಅಂಟುವಾಳ ಇರುವಾಗ ಅದೆಲ್ಲ ಯಾಕೆ ಬೇಕು' ಅನ್ನುತ್ತಾರೆ. ಅವರು ಈಗಲೂ ರೇಷ್ಮೆ ಸೀರೆ, ಬಂಗಾರದ ಸರ ತೊಳೆಯುವುದು ಅದರಲ್ಲೇ. ಆದರೆ ದಿನದ ಬಟ್ಟೆ, ತೋಟದ ಬಟ್ಟೆ, ಮಗುವಿನ ಬಟ್ಟೆ ಎಲ್ಲಕ್ಕೂ ಅದು ಸಾಕಾ? ಮೆಷಿನ್ನಿಗೆ ಹಾಕಬಹುದಾ? ಆ ನೀರು ಹಳ್ಳಕ್ಕೆ ಹೋದರೆ ತೊಂದರೆ ಇಲ್ಲ ತಾನೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸುರಗಿ (ತೀರ್ಥಹಳ್ಳಿ)

ನಿಮ್ಮ ಅತ್ತೆ ಹೇಳಿದ್ದು ಸರಿ. ನಾನು ಆರು ವರ್ಷದಿಂದ ಮಾಡುತ್ತಿದ್ದೇನೆ. ಮಾಡುವ ಕ್ರಮ ಹೇಳುತ್ತೇನೆ.

ಬೇಸಿಗೆ ಶುರುವಾಗುವಾಗ ಕಾಯಿ ಉದುರುತ್ತದೆ. ಮರ ಇಲ್ಲದಿದ್ದರೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವರ್ಷವಿಡೀ ಸಿಗುತ್ತದೆ. ಚೆನ್ನಾಗಿ ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಕಲ್ಲಿನಿಂದ ಒಂದೇಟು ಕೊಟ್ಟು ಬೀಜ ತೆಗೆಯಿರಿ. ಕೆಲಸಕ್ಕೆ ಬರುವುದು ಸಿಪ್ಪೆ ಮಾತ್ರ. ಜಜ್ಜುವಾಗ ಮುಖ ಆ ಕಡೆ ತಿರುಗಿಸಿಕೊಳ್ಳಿ. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮಗು ಹತ್ತಿರ ಇರಬಾರದು.

ನೂರು ಗ್ರಾಂ ಸಿಪ್ಪೆಗೆ ಒಂದೂವರೆ ಲೀಟರ್ ನೀರು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ದೊಡ್ಡ ಪಾತ್ರೆಯೇ ಇಡಿ, ಇಲ್ಲದಿದ್ದರೆ ನೊರೆ ಉಕ್ಕಿ ಒಲೆಯೆಲ್ಲ ಆಗುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿ. ಜೇನಿನ ಬಣ್ಣದ ನೀರು ಬರುತ್ತದೆ. ಒಂದು ಬಕೆಟ್ಟಿಗೆ ಒಂದು ಲೋಟ ಸಾಕು. ಉಗುರುಬೆಚ್ಚಗಿನ ನೀರಾದರೆ ಕೆಲಸ ಜಾಸ್ತಿ ಮಾಡುತ್ತದೆ. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿ ವಾಸನೆ ಬರುತ್ತದೆ, ಹಾಗಾಗಿ ವಾರಕ್ಕೆ ಬೇಕಾದಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ.

ಮೆಷಿನ್ನಿಗಾದರೆ ಇದೂ ಬೇಡ. ಹತ್ತಿ ಬಟ್ಟೆಯ ಚಿಕ್ಕ ಚೀಲ ಹೊಲಿದು ಅದರಲ್ಲಿ ಐದಾರು ಸಿಪ್ಪೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಬಟ್ಟೆಯ ಮಧ್ಯೆ ಎಸೆಯಿರಿ. ಅದೇ ಸಿಪ್ಪೆ ಮೂರು ನಾಲ್ಕು ಸಲ ಬರುತ್ತದೆ. ಬಿಳಿಚಿಕೊಂಡು ಮೆತ್ತಗಾದರೆ ಅದರ ಶಕ್ತಿ ಮುಗಿಯಿತು ಅಂತ ಅರ್ಥ, ಗೊಬ್ಬರದ ಗುಂಡಿಗೆ ಹಾಕಿ.

ಇದರಲ್ಲಿ ರಾಸಾಯನಿಕ ಒಂದಿಷ್ಟೂ ಇಲ್ಲ. ಹಳ್ಳಕ್ಕೆ ಧೈರ್ಯವಾಗಿ ಬಿಡಿ.

ಕೆಮಿಸ್ಟ್ರಿ ಮೇಷ್ಟ್ರು (ಶಿವಮೊಗ್ಗ)

ಸುರಗಿಯವರೇ, ನೀವು ಮಾಡುವ ಕ್ರಮ ಚೆನ್ನಾಗಿದೆ. ಕೊನೇ ಮಾತು ಮಾತ್ರ ಒಪ್ಪುವಂಥದ್ದಲ್ಲ. ದಯವಿಟ್ಟು ಯಾರೂ ಅಂಟುವಾಳದ ನೀರನ್ನು ಹಳ್ಳಕ್ಕೆ ನೇರ ಬಿಡಬೇಡಿ.

ಅಂಟುವಾಳದಲ್ಲಿ ನೊರೆ ಬರಿಸುವ ವಸ್ತುವಿನ ಹೆಸರು ಸಪೋನಿನ್. ಅದು ಮೀನಿಗೆ ವಿಷ. ಹಿಂದೆ ಕಾರೆಕಾಯಿ ಜಜ್ಜಿ ಹಳ್ಳದ ಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದರಲ್ಲ, ಅದರಲ್ಲಿರುವುದೂ ಸಪೋನಿನ್ನೇ. ಕಿವಿರಿಗೆ ಪೆಟ್ಟು ಬಿದ್ದು ಮೀನು ಉಸಿರು ಕಟ್ಟಿ ಮೇಲೆ ತೇಲುತ್ತದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಷ್ಟೇ ನೀರು ಉಳಿದಿರುತ್ತದೆ. ಅಂಥ ಗುಂಡಿಗೆ ದಿನಾ ಒಂದು ಬಕೆಟ್ ಅಂಟುವಾಳದ ನೀರು ಸೇರಿದರೆ ಏನಾಗುತ್ತದೆ ಯೋಚನೆ ಮಾಡಿ. ನಿಮ್ಮ ತಾಲ್ಲೂಕಿನಲ್ಲೇ ಚಿಬ್ಬಲಗುಡ್ಡೆಯ ಮತ್ಸ್ಯಧಾಮ ಇದೆ, ತುಂಗೆಯ ಮೀನಿಗೆ ಅಲ್ಲಿ ಜನ ಕೈಯಾರೆ ಮಂಡಕ್ಕಿ ಹಾಕುತ್ತಾರೆ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಎಲ್ಲ ಜೀವಕ್ಕೂ ಒಳ್ಳೆಯದು ಅನ್ನಲಾಗದು.

ಒಳ್ಳೆಯ ಸುದ್ದಿ ಏನೆಂದರೆ ಸಪೋನಿನ್ ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳೇ ಅದನ್ನು ತಿಂದು ಮುಗಿಸುತ್ತವೆ. ಹಾಗಾಗಿ ನೀರು ಮೊದಲು ಮಣ್ಣಿಗೆ ಇಳಿಯಬೇಕು. ಹಿತ್ತಲಲ್ಲಿ ಇಂಗುಗುಂಡಿ ತೆಗೆಯಿರಿ. ಕೆಳಗೆ ದಪ್ಪ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ಮರಳು. ಸುತ್ತ ಬಾಳೆ, ಕೆಸು, ಕಾಬಾಳೆ ನೆಡಿ. ಬಾವಿಯಿಂದ ದೂರ ಇರಲಿ, ಬಾವಿಗಿಂತ ತಗ್ಗಿನಲ್ಲಿರಲಿ.

ಪೇಟೆಯ ಪೌಡರ್ ಬಗ್ಗೆಯೂ ಎರಡು ಮಾತು. ಅದರಲ್ಲಿ ಸಾಮಾನ್ಯವಾಗಿ ಇರುವ ನೊರೆ ವಸ್ತು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್. ಗಾಳಿ ಆಡುವ ಮಣ್ಣಿನಲ್ಲಿ ಇದೂ ಕೊಳೆಯುತ್ತದೆ. ಗಾಳಿ ಇಲ್ಲದ ಕೆಸರಿನಲ್ಲಿ ಹಾಗೇ ಉಳಿದುಬಿಡುತ್ತದೆ. ಫಾಸ್ಫೇಟ್ ಇದ್ದರೆ ಅದು ನೀರಿನಲ್ಲಿ ಪಾಚಿಗೆ, ಕಳೆಗೆ ಗೊಬ್ಬರವಾಗುತ್ತದೆ. ಇನ್ನು ಬಿಳಿ ಬಟ್ಟೆ ಫಳಫಳ ಹೊಳೆಯುತ್ತದಲ್ಲ, ಅದು ಕೊಳೆ ಹೋದದ್ದರ ಗುರುತೇ ಆಗಬೇಕಿಲ್ಲ. ಪೌಡರಿನಲ್ಲಿರುವ ಹೊಳಪಿನ ವಸ್ತು ನೂಲಿಗೆ ಅಂಟಿಕೊಂಡು, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೀಲಿಯಾಗಿ ತಿರುಗಿಸುತ್ತದೆ. ನಮ್ಮ ಅಮ್ಮ ಕೊನೇ ನೀರಿಗೆ ನೀಲಿ ಹಾಕುತ್ತಿದ್ದದ್ದೂ ಇದೇ ಲೆಕ್ಕ. ಹಳದಿಯನ್ನು ನೀಲಿ ಮರೆಸುತ್ತದೆ. ಮಗುವಿನ ಬಟ್ಟೆಗೆ ಈ ಹೊಳಪಿನ ಅಗತ್ಯ ಏನೂ ಇಲ್ಲ.

ಹಿತ್ತಲ ಬಾಗಿಲು (ಹೊಸನಗರ ತಾಲ್ಲೂಕು)

ಮೇಷ್ಟ್ರೇ, ಕೇಳಿದ್ದು ಒಳ್ಳೆಯದಾಯಿತು. ನಾನು ಇದನ್ನೇ ಮಾಡಹೊರಟಿದ್ದೆ. ಇಂಗುಗುಂಡಿ ತೋಡಿಸುತ್ತೇನೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಗುಂಡಿ ತುಂಬಿ ಹರಿಯುತ್ತದಲ್ಲ, ಆಗ ಏನು ಮಾಡುವುದು?

ಕೆಮಿಸ್ಟ್ರಿ ಮೇಷ್ಟ್ರು (ಶಿವಮೊಗ್ಗ)

ಗುಂಡಿಯ ಸುತ್ತ ಅರ್ಧ ಅಡಿ ಏರಿ ಕಟ್ಟಿ, ಸೂರಿನ ನೀರು ಅದಕ್ಕೆ ಬರದಂತೆ ಬೇರೆ ಕಾಲುವೆ ತೆಗೆಯಿರಿ. ಬರೀ ಬಚ್ಚಲ ನೀರಾದರೆ ಅಷ್ಟು ಬೇಗ ತುಂಬುವುದಿಲ್ಲ. ಆಗಲೂ ತುಂಬಿದರೆ, ಹಳ್ಳವೂ ಆ ಹೊತ್ತಿಗೆ ಭರ್ತಿ ಹರಿಯುತ್ತಿರುತ್ತದೆ. ಹೆಚ್ಚು ಜೋಪಾನ ಬೇಕಾದ್ದು ಫೆಬ್ರವರಿಯಿಂದ ಮೇವರೆಗೆ.

ಬೋರ್‌ವೆಲ್ ಮನೆ (ಶಿಕಾರಿಪುರ)

ನನ್ನ ಅನುಭವವನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಎಂಟು ತಿಂಗಳು ಬರೀ ಅಂಟುವಾಳ ಬಳಸಿದೆ. ಬಣ್ಣದ ಬಟ್ಟೆ ಚೆನ್ನಾಗಿಯೇ ಇತ್ತು. ಬಿಳಿ ಪಂಚೆ, ಮಕ್ಕಳ ಸ್ಕೂಲ್ ಶರ್ಟು ಬರಬರುತ್ತಾ ಮಾಸಿದ ಬೂದು ಬಣ್ಣಕ್ಕೆ ತಿರುಗಿದವು. ಕಾಲರಿನ ಜಿಡ್ಡು ಹೋಗಲೇ ಇಲ್ಲ. ಬಾರ್ ಸೋಪು ಹಾಕಿದರೆ ನಮ್ಮ ಬೋರ್ ನೀರಿಗೆ ಮೊಸರು ಒಡೆದ ಹಾಗೆ ಬಿಳಿ ಬಿಳಿ ಕಟ್ಟುತ್ತದೆ. 'ಗಂಗಾ ಸ್ನಾನ, ತುಂಗಾ ಪಾನ' ಅನ್ನುವ ಕಡೆಯವರಿಗೆ ನೀರಿನ ಪುಣ್ಯ ಇದೆ. ನಮ್ಮ ಗಡಸು ನೀರಿಗೆ ಏನು ದಾರಿ?

ಕೆಮಿಸ್ಟ್ರಿ ಮೇಷ್ಟ್ರು (ಶಿವಮೊಗ್ಗ)

ನಿಮ್ಮ ಅನುಭವ ಸರಿ. ಅಂಟುವಾಳದ ಕೈ ಮೆದು. ಅದಕ್ಕೇ ರೇಷ್ಮೆಗೆ ಹೇಳಿ ಮಾಡಿಸಿದ್ದು, ಅದಕ್ಕೇ ಕಾಲರಿನ ಜಿಡ್ಡಿಗೆ ಸಾಲದು. ಗಡಸು ನೀರಿಗೆ ವಾಷಿಂಗ್ ಸೋಡಾ ಹಾಕಿ, ಬಕೆಟ್ಟಿಗೆ ಎರಡು ಚಮಚ. ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಅಡುಗೆ ಸೋಡಾ ಬೇರೆ, ಅದು ಇಷ್ಟು ಕೆಲಸ ಮಾಡುವುದಿಲ್ಲ. ಕೈಗೆ ಗವಸು ಇರಲಿ. ಬಿಳಿ ಬಟ್ಟೆಗೆ ಸೋಡಿಯಂ ಪರ್‌ಕಾರ್ಬೊನೇಟ್ ಸಿಕ್ಕಿದರೆ ಒಳ್ಳೆಯದು. ಬಿಸಿ ನೀರಿಗೆ ಬಿದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಕ್ಲೋರಿನ್ ಇಲ್ಲ. ಸೋಡಾ ನೀರನ್ನು ಮಾತ್ರ ಒಂದೇ ಗಿಡದ ಬುಡಕ್ಕೆ ದಿನಾ ಸುರಿಯಬೇಡಿ, ಅದರ ಸೋಡಿಯಂ ಸೇರಿ ಸೇರಿ ಮಣ್ಣು ಬಿಗಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಹಾಕಿದ ನೀರಿಗೆ ವಿನೆಗರ್, ನಿಂಬೆ, ಯಾವ ಹುಳಿಯೂ ಬೀಳಬಾರದು. ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ವಿನೆಗರ್ ಮತ್ತು ಸೋಡಾ ಒಟ್ಟಿಗೆ ಹಾಕುವುದರಿಂದ ಅಪಾಯವಿಲ್ಲ, ಆದರೆ ಒಂದನ್ನೊಂದು ಕೊಂದು ಬರೀ ಗುಳ್ಳೆ ಉಳಿಯುತ್ತದೆ. ವಿಡಿಯೋಗಳಲ್ಲಿ ಸುಮ್ನೆ ತೋರಿಸುತ್ತಾರೆ.

ಮಡಿಕಟ್ಟೆ (ಭದ್ರಾವತಿ)

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಮ್ಮದು ಮಡಿವಾಳರ ಮನೆ. ನಮ್ಮ ಅಜ್ಜ ಊರಿನ ನಲವತ್ತು ಮನೆ ಬಟ್ಟೆ ಒಗೆಯುತ್ತಿದ್ದರು. ಅವರ ಕೈಯಲ್ಲಿ ಪಂಚೆ ಬೂದು ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿಲ್ಲ. ಅವರು ಪೌಡರ್ ಮುಟ್ಟಿದವರೂ ಅಲ್ಲ.

ಅವರ ಗುಟ್ಟು ಉಬ್ಬೆ. ಬಯಲುಸೀಮೆ ಕಡೆಯಿಂದ ಚೌಳು ಮಣ್ಣು ತರಿಸುತ್ತಿದ್ದರು. ಅದನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರು ಬಸಿದುಕೊಳ್ಳುವುದು. ಚೌಳು ಸಿಗದಿದ್ದರೆ ಒಲೆ ಬೂದಿ. ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ, ಹಿಂಡಿ, ಬಾಯಗಲದ ಗುಡಾಣದ ಮೇಲೆ ಸುತ್ತ ಸುತ್ತ ಗೋಪುರದ ಹಾಗೆ ಪೇರಿಸುತ್ತಿದ್ದರು. ತೀರಾ ಕೊಳಕಿನದು ಕೆಳಗೆ. ಗುಡಾಣದಲ್ಲಿ ನೀರು, ಕೆಳಗೆ ಬೆಂಕಿ. ಮೇಲಿನ ಬಟ್ಟೆಗೂ ಹಬೆ ಏರಿತಾ ಅಂತ ಅಜ್ಜ ಅಂಗೈ ಇಟ್ಟು ನೋಡುತ್ತಿದ್ದರು. ಆಮೇಲೆ ಬೆಂಕಿ ತೆಗೆದು ರಾತ್ರಿಯಿಡೀ ಹಾಗೇ ಬಿಡುವುದು. ಬೆಳಿಗ್ಗೆ ಕತ್ತೆಯ ಮೇಲೆ ಹೊಳೆಗೆ. ಕಲ್ಲಿಗೆ ನಾಲ್ಕು ಏಟು ಬಿದ್ದರೆ ಕೊಳೆ ತಾನಾಗಿ ಬಿಡುತ್ತಿತ್ತು. ಆ ಹಬೆಗೆ ಹೇನು, ಕೂರೆ, ಕ್ರಿಮಿ ಏನೂ ಉಳಿಯುತ್ತಿರಲಿಲ್ಲ. ಹೆರಿಗೆ ಮನೆಯ ಬಟ್ಟೆ, ಜ್ವರದ ಮನೆಯ ಬಟ್ಟೆ ಎಲ್ಲ ಅವರೇ ಒಗೆದದ್ದು.

ಯಾರ ಮನೆಯ ಬಟ್ಟೆ ಅಂತ ಗೊತ್ತಾಗಲು ಗುಡ್ಡೆಗೇರಿನ ರಸದಲ್ಲಿ ಗುರುತು ಹಾಕುತ್ತಿದ್ದರು. ಆ ಗುರುತು ಬಟ್ಟೆ ಹರಿದರೂ ಹೋಗುತ್ತಿರಲಿಲ್ಲ. ಆ ರಸ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಅಜ್ಜನ ಬಲಗೈ ಹೆಬ್ಬೆರಳ ಮೇಲೆ ಆ ಕಲೆ ಕೊನೆವರೆಗೂ ಇತ್ತು.

'ಹಿಂದಿನವರು ಹೀಗೆ ಒಗೆಯುತ್ತಿದ್ದರು' ಅಂತ ಎಲ್ಲರೂ ಹೇಳುತ್ತಾರೆ. ಒಗೆಯುತ್ತಿದ್ದವರು ಯಾರು, ಅವರ ಸೊಂಟ, ಕೈ ಏನಾಯಿತು ಅನ್ನುವುದನ್ನೂ ಒಂದು ಕ್ಷಣ ನೆನೆಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಶಿಕಾರಿಪುರದ ಅಕ್ಕನಿಗೆ ನನ್ನ ಸಲಹೆ: ಬಿಳಿ ಹತ್ತಿ ಬಟ್ಟೆಯನ್ನು ತಿಂಗಳಿಗೊಮ್ಮೆ ಬೂದಿ ತಿಳಿಯಲ್ಲಿ ಕುದಿಸಿ. ಒಂದು ಸೇರು ಜರಡಿ ಹಿಡಿದ ಬೂದಿಗೆ ಐದು ಸೇರು ನೀರು. ಒಂದು ದಿನ ಅಲ್ಲಾಡಿಸದೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಬೆರಳಲ್ಲಿ ಉಜ್ಜಿದರೆ ಸೋಪಿನ ಹಾಗೆ ಜಾರಬೇಕು. ಗಟ್ಟಿ ಸೌದೆಯ ಬೂದಿ ಆಗಬೇಕು, ಪ್ಲಾಸ್ಟಿಕ್ ಸುಟ್ಟ ಒಲೆಯದು ಬೇಡವೇ ಬೇಡ. ರೇಷ್ಮೆ, ಉಣ್ಣೆಯನ್ನು ಇದಕ್ಕೆ ಹಾಕಿದರೆ ಹಾಳಾಗುತ್ತದೆ. ಇದೂ ಕೈ ತಿನ್ನುತ್ತದೆ, ಕೋಲಿನಲ್ಲಿ ತಿರುವಿ.

ಬೋರ್‌ವೆಲ್ ಮನೆ (ಶಿಕಾರಿಪುರ)

ಅಣ್ಣಾ, ನಿಮ್ಮ ಅಜ್ಜನ ವಿಷಯ ಓದಿ ಕಣ್ಣು ತುಂಬಿತು. ಈ ಭಾನುವಾರವೇ ಮಾಡುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು (ಶಿವಮೊಗ್ಗ)

ಬೂದಿ ತಿಳಿಯಲ್ಲಿ ಕರಗಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ಅದು ಗಿಡಕ್ಕೆ ಬೇಕಾದ ಪೊಟ್ಯಾಷ್. ನಮ್ಮ ಮಲೆನಾಡಿನ ಕೆಂಪು ಮಣ್ಣು ಹುಳಿ, ಹಾಗಾಗಿ ತೆಳು ಮಾಡಿದ ಬೂದಿ ನೀರು ಬಾಳೆಗೆ ಒಳ್ಳೆಯದೇ. ಮಡಿಕಟ್ಟೆಯವರ ಮಾತಿಗೆ ನನ್ನ ನಮಸ್ಕಾರ.

ತೋಟದ ಮನೆ (ಸಾಗರ)

ತೋಟದ ಬಟ್ಟೆ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಹೇಳುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗಿನ ಬಟ್ಟೆಯನ್ನು ಬೇರೆ ಬಟ್ಟೆ ಜೊತೆ ಸೇರಿಸಲೇಬೇಡಿ, ಮಗುವಿನ ಬಟ್ಟೆ ಜೊತೆ ಅಂತೂ ಸುತಾರಾಂ ಬೇಡ. ಆ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಇರುತ್ತದೆ. ಆ ನೀಲಿ ಕಲೆಗೆ ಅಂಟುವಾಳ, ಸೋಪು ಯಾವುದೂ ನಾಟುವುದಿಲ್ಲ. ಹುಳಿಯೇ ಬೇಕು. ಬಕೆಟ್ಟಿಗೆ ಒಂದು ಲೋಟ ವಿನೆಗರ್ ಅಥವಾ ನಾಲ್ಕು ಕಂಚಿಕಾಯಿ ಹಿಂಡಿ ಒಂದು ಗಂಟೆ ನೆನೆಸಿ. ನೀಲಿ ಕರಗಿ ನೀರಿಗೆ ಬರುತ್ತದೆ. ಆ ನೀರಿನಲ್ಲಿ ತಾಮ್ರ ಇರುತ್ತದೆ, ಅದೂ ಮೀನಿಗೆ ಆಗದು. ಹಳ್ಳದ ಕಡೆ ಬೇಡ, ತೋಟದೊಳಗೇ ಚೆಲ್ಲಿ.

ಅಡಿಕೆ ಕಲೆ ಇದಕ್ಕಿಂತ ಕಷ್ಟ. ಹಸಿ ಅಡಿಕೆ ಸುಲಿದ ಅಂಗಿಗೆ ಸೋಡಾ, ಬೂದಿ ತಾಗಿಸಿದರೆ ಕಲೆ ಇನ್ನೂ ಕಪ್ಪಾಗುತ್ತದೆ. ತಣ್ಣೀರಿನಲ್ಲಿ ಕೂಡಲೇ ಜಾಲಿಸಿ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅಡಿಕೆಯ ಚೊಗರು ಅದಕ್ಕೆ ಸೇರಿ ಮಸಿಯಾಗುತ್ತದೆ. ಅಂಥ ಕಲೆಗೂ ತುಕ್ಕಿನ ಕಲೆಗೂ ನಮ್ಮಮ್ಮ ಬಿಂಬುಳಿ ಕಾಯಿ ಉಜ್ಜುತ್ತಿದ್ದರು. ಕಾಯಿ ಸೀಳಿ, ಕಲೆ ಮೇಲೆ ತಿಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ ಬಿಸಿಲಿಗೆ ಇಡುವುದು. ಅರ್ಧ ಗಂಟೆಗೆ ತುಕ್ಕಿನ ಅಂಚು ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ಬಾಳೆಕಾಯಿಯ ಸೊನೆ ಕಲೆಗೆ ಮಾತ್ರ ಅವರಲ್ಲೂ ಮದ್ದು ಇರಲಿಲ್ಲ. ಸುಲಿತಕ್ಕೆ, ತೋಟಕ್ಕೆ ಬೇರೆಯೇ ಹಳೆ ಅಂಗಿ ಇಟ್ಟುಕೊಳ್ಳಿ ಕಣ್ರೀ.

ಇದೇ ಚೊಗರಿನಿಂದ ನಮ್ಮ ಹೆಗ್ಗೋಡಿನ ಚರಕ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಅಂಥ ಬಟ್ಟೆಗೆ ಸೋಡಾ ಬೇಡ, ಹುಳಿಯೂ ಬೇಡ. ಅಂಟುವಾಳದಲ್ಲಿ ಬೇಗ ತೊಳೆದು ನೆರಳಲ್ಲಿ ಒಣಗಿಸಿ.

ಆಗುಂಬೆ ಮಳೆ

ಎಲ್ಲರೂ ಒಗೆಯುವುದನ್ನೇ ಹೇಳಿದಿರಿ. ನಮ್ಮ ಕಡೆ ನಿಜವಾದ ಕಷ್ಟ ಒಣಗಿಸುವುದು ಮಾರಾಯ್ರೆ. ಆರಿದ್ರಾ ಮಳೆ ಹಿಡಿದರೆ ಬಿಸಿಲು ಕಾಣಲು ಶ್ರಾವಣ ಬರಬೇಕು. ಮುಗ್ಗಲು ವಾಸನೆ ತಡೆಯಲಾರದೇ ಜನ ಪರಿಮಳದ ದ್ರಾವಣ ಸುರಿಯುತ್ತಾರೆ. ಆ ದ್ರಾವಣ ನೂಲಿನ ಮೇಲೆ ಜಿಡ್ಡಿನಂಥ ಪದರ ಕಟ್ಟುತ್ತದೆ, ಆಮೇಲೆ ಟವೆಲ್ ನೀರೇ ಹೀರುವುದಿಲ್ಲ.

ನಾನು ಮಾಡುವುದು ಇಷ್ಟು. ಮಳೆಗಾಲದಲ್ಲಿ ಬಟ್ಟೆ ನೆನೆಹಾಕಿ ಇಡುವುದೇ ಇಲ್ಲ. ಹಂಡೆಯ ಬಿಸಿ ನೀರಲ್ಲಿ ಒಗೆದು, ಕೊನೇ ನೀರಿಗೆ ಅರ್ಧ ಲೋಟ ವಿನೆಗರ್, ಆಮೇಲೆ ಮೆಷಿನ್ನಿನಲ್ಲಿ ಎರಡು ಸಲ ಹಿಂಡುವುದು. ಬಚ್ಚಲ ಒಲೆಯ ಮೇಲೆ ಅಡ್ಡ ಗಳ ಕಟ್ಟಿದ್ದೇವೆ. ಸಂಜೆ ಸ್ನಾನದ ಉರಿ ಆರಿದ ಮೇಲೆ, ಬರೀ ಕೆಂಡ ಇರುವಾಗ ಬಟ್ಟೆ ಹಾಕುವುದು. ಉರಿ ಇರುವಾಗ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ, ಬೆಂಕಿಯ ಭಯವೂ ಇದೆ. ದಪ್ಪ ಬೆಡ್‌ಶೀಟಿಗೆ ಮಳೆ ಹೊಳವಾಗುವ ದಿನ ಕಾಯುತ್ತೇವೆ.

ಪೆಟ್ಟಿಗೆಯಲ್ಲಿಡುವ ಬಟ್ಟೆಗೆ ನುಸಿಗುಳಿಗೆ ಹಾಕುವವರು ಮಗುವಿನ ಬಟ್ಟೆಗೆ ಮಾತ್ರ ಹಾಕಬೇಡಿ. ಅದು ನ್ಯಾಫ್ತಲೀನ್. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಿಗೆ ಅದರಿಂದ ರಕ್ತದ ಕಣ ಒಡೆದು ಕಾಮಾಲೆ ಬರಬಹುದು. ನಾವು ಒಣಗಿದ ಲಕ್ಕಿ ಸೊಪ್ಪು, ಲಾವಂಚದ ಬೇರು ಇಡುತ್ತೇವೆ.

ಸುರಗಿ (ತೀರ್ಥಹಳ್ಳಿ)

ಮೇಷ್ಟ್ರೇ, ಹಳ್ಳಕ್ಕೆ ಬಿಡಿ ಅಂದದ್ದು ನನ್ನದೇ ತಪ್ಪು. ಆರು ವರ್ಷದಿಂದ ನಮ್ಮ ಬಚ್ಚಲ ನೀರು ಹೊಳೆ ಕಡೆಗೇ ಹೋಗುತ್ತಿತ್ತು. ನೀವು ಬರೆದದ್ದನ್ನು ಓದಿ ಮನೆಯವರಿಗೆ ತೋರಿಸಿದೆ. ನಿನ್ನೆ ಕಾಲುವೆ ತಿರುಗಿಸಿ ಬಾಳೆ ಬುಡಕ್ಕೆ ಬಿಟ್ಟಿದ್ದೇವೆ. ಆಗುಂಬೆಯವರೇ, ಸೀರೆ ಪೆಟ್ಟಿಗೆಗೆ ಒಣಗಿದ ಸುರಗಿ ಹೂವು ಇಟ್ಟು ನೋಡಿ. ನನ್ನ ಅಜ್ಜಿಯ ಪೆಟ್ಟಿಗೆ ಈಗಲೂ ಘಮ ಅನ್ನುತ್ತದೆ.

ಹಿತ್ತಲ ಬಾಗಿಲು (ಹೊಸನಗರ ತಾಲ್ಲೂಕು)

ನಾಲ್ಕು ತಿಂಗಳಾಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಈಗ ನಮ್ಮ ಬಚ್ಚಲಲ್ಲಿ ಮೂರು ಬುಟ್ಟಿ ಇವೆ. ಮಗುವಿನದು ಮತ್ತು ಬಣ್ಣದ್ದು ಅಂಟುವಾಳಕ್ಕೆ. ಬಿಳಿ ಹತ್ತಿ, ಟವೆಲ್, ಒರೆಸುವ ಬಟ್ಟೆ ಸೋಡಾ ಮತ್ತು ಸಾದಾ ಬಾರ್ ಸೋಪಿಗೆ, ತಿಂಗಳಿಗೊಮ್ಮೆ ಬೂದಿ ತಿಳಿಗೆ. ತೋಟದ್ದು ಹೊರಗೆ ಕಲ್ಲಿನ ಹತ್ತಿರವೇ. ಮಗಳ ಮೊಣಕಾಲಿನ ದದ್ದು ಹೋಗಿದೆ. ಕತ್ತಿನದು ಬೆವರಿದಾಗ ಸ್ವಲ್ಪ ಬರುತ್ತದೆ, ಮುಲಾಮು ಇನ್ನೂ ಬಿಟ್ಟಿಲ್ಲ. ದದ್ದು ಹೋಗಿದ್ದು ಅಂಟುವಾಳದಿಂದಲೋ ಮುಲಾಮಿನಿಂದಲೋ ಗೊತ್ತಿಲ್ಲ, ಹಾಗಾಗಿ ಬೇರೆ ತಾಯಂದಿರು ಡಾಕ್ಟರಿಗೆ ತೋರಿಸದೇ ಬರೀ ಅಂಟುವಾಳ ನಂಬಿ ಕೂರಬೇಡಿ.

ಒಂದು ಎಡವಟ್ಟೂ ಆಯಿತು. ಅರಿಶಿನ ಬಿದ್ದ ಬಿಳಿ ಜುಬ್ಬವನ್ನು ಸೋಡಾ ನೀರಿಗೆ ಹಾಕಿದೆ. ಕಲೆ ರಕ್ತದ ಹಾಗೆ ಕೆಂಪಾಯಿತು. ಗಾಬರಿಯಾಗಿ ಅತ್ತೆಗೆ ತೋರಿಸಿದರೆ, 'ಜಾಲಿಸಿ ಬಿಸಿಲಿಗೆ ಹಾಕು, ಹೋಗುತ್ತದೆ' ಎಂದರು. ನೀರಿನಲ್ಲಿ ಜಾಲಿಸಿದ ಮೇಲೆ ಮತ್ತೆ ಹಳದಿಯಾಯಿತು, ಎರಡು ದಿನದ ಬಿಸಿಲಿಗೆ ಪೂರ್ತಿ ಹೋಯಿತು.

ಇಂಗುಗುಂಡಿ ಆಗಿದೆ. ಸುತ್ತ ಕೆಸು ಎಷ್ಟು ಚೆನ್ನಾಗಿ ಎದ್ದಿದೆ ಅಂದರೆ ಹೋದ ವಾರ ಪತ್ರೊಡೆ ಮಾಡಿದೆವು. ತಿನ್ನುವ ಎಲೆಯನ್ನು ಮಾತ್ರ ಗುಂಡಿಯಿಂದ ದೂರದ ಸಾಲಿನಿಂದ ಕೊಯ್ದೆ, ಬಚ್ಚಲ ನೀರು ಎಲೆಗೆ ಸಿಡಿಯಬಾರದಲ್ವಾ. ನಿನ್ನೆ ಸಂಜೆ ಮಗಳನ್ನು ಎತ್ತಿಕೊಂಡು ಹಳ್ಳಕ್ಕೆ ಹೋಗಿದ್ದೆ. ಆ ಎರಡು ಕಲ್ಲಿನ ಸಂದಿಯಲ್ಲಿ ನೊರೆ ಇರಲಿಲ್ಲ. ಒಂದು ಏಡಿ ಕೂತಿತ್ತು. ನಮ್ಮನ್ನು ನೋಡಿ ಒಳಗೆ ಸರಿಯಿತು.

ಅತ್ತೆ ಅಂಟುವಾಳದ ಬೀಜ ನೆನೆಸಿ ಹಾಕಿದ್ದಾರೆ, ಹನ್ನೊಂದು ಸಸಿ ಎದ್ದಿವೆ. ನಮಗೆ ಎರಡು ಸಾಕು. ಹೊಸನಗರ, ತೀರ್ಥಹಳ್ಳಿ ಕಡೆಯವರು ಯಾರಿಗಾದರೂ ಬೇಕಿದ್ದರೆ ಹೇಳಿ, ಮಳೆಗಾಲ ಮುಗಿಯುವುದರೊಳಗೆ ನೆಡಬೇಕು.

ಮಡಿಕಟ್ಟೆ (ಭದ್ರಾವತಿ)

ಅಕ್ಕಾ, ನನಗೊಂದು ಸಸಿ ಇಟ್ಟಿರಿ. ಅಜ್ಜನ ಒಗೆಯುವ ಕಲ್ಲು ಈಗಲೂ ಹಿತ್ತಲಲ್ಲೇ ಇದೆ, ಅದರ ಪಕ್ಕ ನೆಡುತ್ತೇನೆ. ಮುಂದಿನ ಭಾನುವಾರ ಬರುತ್ತೇನೆ.